ಬೆಲೆ ಅದೇ, ತೂಕ ಎಷ್ಟು?

10 ರೂಪಾಯಿಯ ಬಿಸ್ಕತ್ತು ಪೊಟ್ಟಣಕ್ಕೆ ಇಂದಿಗೂ ಹತ್ತೇ ರೂಪಾಯಿ. ಆದರೆ ಒಳಗಿನ ಬಿಸ್ಕತ್ತು ಕಡಿಮೆಯಾಗಿದೆ, ಸೋಪು ತೆಳ್ಳಗಾಗಿದೆ. ಬೆಲೆ ಏರಿದರೆ ನಾವು ಗೊಣಗುತ್ತೇವೆ, ತೂಕ ಇಳಿದರೆ ಗಮನಿಸುವುದೇ ಇಲ್ಲ. ಇದು ಕಂಪನಿಗಳಿಗೆ ಚೆನ್ನಾಗಿ ಗೊತ್ತು.

ಹಾಗಾಗಿ ಕೊಳ್ಳುವ ಮುನ್ನ ಪೊಟ್ಟಣವನ್ನು ತಿರುಗಿಸಿ ನೋಡಿ, ನಿವ್ವಳ ತೂಕ ಓದಿ. ಎಂಆರ್‌ಪಿ ಜೊತೆಗೆ ಗ್ರಾಂಗೋ ಮಿಲಿಲೀಟರಿಗೋ ಎಷ್ಟು ಬೀಳುತ್ತದೆ ಎಂಬುದನ್ನೂ ಸಾಮಾನ್ಯವಾಗಿ ಮುದ್ರಿಸಲೇಬೇಕು. ಎರಡು ಬ್ರ್ಯಾಂಡ್‌ಗಳನ್ನು ಹೋಲಿಸಲು ಅದನ್ನೇ ನೋಡಿ.

ಪದಾರ್ಥಗಳ ಪಟ್ಟಿಯನ್ನೂ ಬಿಡಬೇಡಿ. ಹೆಚ್ಚು ಬಳಸಿದ್ದು ಮೊದಲು ಬರುತ್ತದೆ. ಐಸ್‌ಕ್ರೀಂ ಅಂದುಕೊಂಡು ಕೈಗೆತ್ತಿಕೊಂಡ ಡಬ್ಬಿಯ ಮೇಲೆ ‘ಫ್ರೋಜನ್ ಡೆಸರ್ಟ್’ ಎಂದಿದ್ದರೆ, ಹಾಲಿನ ಕೊಬ್ಬಿನ ಜಾಗದಲ್ಲಿ ಸಾಮಾನ್ಯವಾಗಿ ಸಸ್ಯಜನ್ಯ ಎಣ್ಣೆ ಇರುತ್ತದೆ. ಎರಡೂ ಒಂದೇ ಅಲ್ಲ.

ಮುದ್ರಿಸಿದ್ದಕ್ಕಿಂತ ತೂಕ ಕಡಿಮೆ ಬಂತೇ? ಬಿಲ್ಲನ್ನೂ ಪೊಟ್ಟಣವನ್ನೂ ಎಸೆಯಬೇಡಿ. ಮೊದಲು ಅಂಗಡಿಯವರಿಗೆ ತೋರಿಸಿ. ಅವರು ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಿ.

‘ಹೋಗಲಿ ಬಿಡಿ, ಎರಡು ರೂಪಾಯಿ ತಾನೆ’ ಎನ್ನಬೇಡಿ. ನಾವು ಸುಮ್ಮನಿದ್ದಷ್ಟೂ ಗುಣಮಟ್ಟ ಇಳಿಯುತ್ತಲೇ ಹೋಗುತ್ತದೆ. ದುಡ್ಡು ಕೊಟ್ಟವರಿಗೆ ಕೇಳುವ ಹಕ್ಕಿದೆ, ಕೇಳಿ.