ಮನೆಮಂದಿಯೆಲ್ಲ ಮೈ ಬಗ್ಗಿಸಬೇಕಾದರೆ

ಅಪ್ಪ ಬೆಳಿಗ್ಗೆ ವಾಕಿಂಗ್ ಹೋಗಿಬರುತ್ತಾರೆ. ಮಗ ಟ್ಯೂಷನ್ ಇಲ್ಲದ ಸಂಜೆ ಬ್ಯಾಟು ಹಿಡಿದು ಓಡುತ್ತಾನೆ. ಅಮ್ಮನಿಗೆ ಪುರುಸೊತ್ತಿಲ್ಲ, ಅಜ್ಜಿಗೆ ಮಂಡಿನೋವು, ಮಗಳು ಈ ಸಲ ಎಸ್ಸೆಸ್ಸೆಲ್ಸಿ. ನಮ್ಮ ಬಹುಪಾಲು ಮನೆಗಳಲ್ಲಿ ವ್ಯಾಯಾಮದ ಕಥೆ ಇಷ್ಟೇ. ಜನವರಿಯಲ್ಲಿ ಹುರುಪಿನಿಂದ ಶುರು ಮಾಡಿದವರೂ ಯುಗಾದಿ ಹೊತ್ತಿಗೆ ಕೈಬಿಟ್ಟಿರುತ್ತಾರೆ. ಅದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಮನೆಯ ದಿನಚರಿ ಇದ್ದಂತೆಯೇ ಇರುವಾಗ ಒಬ್ಬರು ಮಾತ್ರ ಬದಲಾಗಿ ಹಾಗೇ ಉಳಿಯುವುದು ಕಷ್ಟ. ಬದಲಿಸಬೇಕಾದದ್ದು ದಿನಚರಿಯನ್ನು, ಅದೂ ಎಲ್ಲರೂ ಕೂತು ಮಾತಾಡಿ.

ಭಾರತದ ವಯಸ್ಕರಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಮಂದಿಗೆ ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲ ಎಂದು 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳಿತು. ಅದರಲ್ಲೂ ಗಂಡಸರಿಗಿಂತ ಹೆಂಗಸರ ಸ್ಥಿತಿ ಹೆಚ್ಚು ಚಿಂತೆಯದು: ಗಂಡಸರಲ್ಲಿ ಶೇ 42, ಹೆಂಗಸರಲ್ಲಿ ಶೇ 57. ಅದರ ಹಿಂದಿನ ವರ್ಷ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಬೆಂಬಲದ ಸಮೀಕ್ಷೆಯೊಂದು ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ ಎಂದು ಅಂದಾಜಿಸಿತ್ತು. ಈ ಎರಡೂ ಸಂಖ್ಯೆಗಳನ್ನು ಜೊತೆಗಿಟ್ಟು ನೋಡಬೇಕು.

ಯಾರಿಗೆ ಎಷ್ಟು ಬೇಕು?

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಬೇಕು. ವಾರಕ್ಕೆ ಐದು ದಿನ ಅರ್ಧರ್ಧ ಗಂಟೆ ಬಿರುಸಾಗಿ ನಡೆದರೆ 150 ನಿಮಿಷ ಆಗಿಹೋಗುತ್ತದೆ. ಇದರ ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ ಇರಬೇಕು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ ಒಂದು ಗಂಟೆ. 65 ದಾಟಿದವರಿಗೆ ವಯಸ್ಕರಷ್ಟೇ ನಡಿಗೆ. ಬೀಳದಂತೆ ಸಮತೋಲನ ಕಾಯುವ ವ್ಯಾಯಾಮ ವಾರಕ್ಕೆ ಮೂರು ದಿನ ಹೆಚ್ಚಿಗೆ.

ಸಾಧಾರಣ ಶ್ರಮ ಎಂದರೆ ಎಷ್ಟು ಎಂದು ತಿಳಿಯಲು ಕೈಗೆ ಯಂತ್ರ ಕಟ್ಟಿಕೊಳ್ಳಬೇಕಿಲ್ಲ. ನಡೆಯುತ್ತ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಉಸಿರು ಸಾಲಬಾರದು. ಆ ವೇಗ ಸಾಕು.

‘ದಿನವಿಡೀ ಮನೆಯಲ್ಲಿ ಓಡಾಡುತ್ತೇನಲ್ಲ, ಅದು ಲೆಕ್ಕಕ್ಕಿಲ್ಲವೇ?’ ಎಂದು ಅನೇಕ ತಾಯಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನೆಲ ತಿಕ್ಕಿ ಒರೆಸುವುದು, ಕೈಯಲ್ಲಿ ಬಟ್ಟೆ ಒಗೆಯುವುದು, ಬಾವಿಯಿಂದ ನೀರು ಸೇದುವುದು, ಹಿತ್ತಲಲ್ಲಿ ಪಾತಿ ಮಾಡುವುದು, ಇವುಗಳಲ್ಲಿ ಉಸಿರು ಏರಿದರೆ ಖಂಡಿತ ಲೆಕ್ಕಕ್ಕೆ ಬರುತ್ತದೆ. ಒಲೆಯ ಮುಂದೆ ಗಂಟೆಗಟ್ಟಲೆ ನಿಲ್ಲುವುದು ಸೊಂಟಕ್ಕೆ ದಣಿವು ತರುತ್ತದೆಯೇ ಹೊರತು ಹೃದಯಕ್ಕೆ ಬೇಕಾದ ಕೆಲಸ ಕೊಡುವುದಿಲ್ಲ.

ಮೊದಲ ಹೆಜ್ಜೆ ಅಡುಗೆಮನೆಯಲ್ಲಿ

ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಮನೆಯೊಡತಿಗೆ ಅರ್ಧ ಗಂಟೆ ಬಿಡುವು ಮಾಡಿಕೊಡುವುದು. ಇದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದರೆ ಮನೆಮಂದಿಯೆಲ್ಲ ಚುರುಕಾಗಿರುತ್ತಾರೆ, ಅವರೊಬ್ಬರನ್ನು ಬಿಟ್ಟು. ಬೆಳಿಗ್ಗೆ 6ರಿಂದ 8ರವರೆಗೆ ಮನೆಯಲ್ಲಿ ಆಗುವ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ: ಅಂಗಳ ಗುಡಿಸಿ ರಂಗೋಲಿ ಹಾಕುವುದು, ಹಾಲು ಕಾಯಿಸುವುದು, ತಿಂಡಿ, ಡಬ್ಬಿ ಕಟ್ಟುವುದು, ಹಾಸಿಗೆ ಮಡಚುವುದು, ಮಕ್ಕಳನ್ನು ಎಬ್ಬಿಸಿ ಸ್ನಾನಕ್ಕೆ ಕಳಿಸುವುದು. ಪ್ರತಿ ಕೆಲಸದ ಎದುರು ಈಗ ಮಾಡುವವರ ಹೆಸರು ಬರೆಯಿರಿ. ಎಷ್ಟು ಸಾಲುಗಳಲ್ಲಿ ಒಂದೇ ಹೆಸರು ಇದೆ ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ.

ಆಮೇಲೆ ಹಂಚಿಕೊಳ್ಳಿ. ಮರುದಿನದ ತರಕಾರಿ ರಾತ್ರಿಯೇ ಹೆಚ್ಚಿಡುವುದು ಒಬ್ಬರ ಪಾಲು, ಕುಕ್ಕರ್ ಇಟ್ಟು ಡಬ್ಬಿ ತುಂಬುವುದು ಇನ್ನೊಬ್ಬರದು, ಹಾಸಿಗೆ ಮತ್ತು ನೀರಿನ ಬಾಟಲಿ ಮಕ್ಕಳದು. ವಹಿಸಿಕೊಂಡ ಕೆಲಸವನ್ನು ಪೂರ್ತಿ ವಹಿಸಿಕೊಳ್ಳಬೇಕು. ಬೇಳೆ ಎಲ್ಲಿದೆ, ಉಪ್ಪು ಎಷ್ಟು ಎಂದು ಮನೆಯೊಡತಿಯನ್ನೇ ಕೂಗಿ ಕೇಳುತ್ತಿದ್ದರೆ ಕೈ ಬಿಡುವಾದರೂ ತಲೆ ಬಿಡುವಾಗುವುದಿಲ್ಲ. ಕೂಡುಕುಟುಂಬದಲ್ಲಿ ಅತ್ತೆಯ ಒಂದು ಮಾತು ಬಹಳ ಕೆಲಸ ಮಾಡುತ್ತದೆ. ‘ನೀ ಹೋಗಿಬಾರಮ್ಮ, ಒಲೆ ನಾನು ನೋಡ್ಕೋತೀನಿ’ ಎಂದರೆ ಸೊಸೆ ಅಳುಕಿಲ್ಲದೆ ಹೊಸ್ತಿಲು ದಾಟುತ್ತಾಳೆ. ನಡಿಗೆಗೆ ಸೀರೆಯೋ ಚೂಡಿದಾರವೋ, ಯಾವುದಾದರೂ ಸರಿ. ಹವಾಯಿ ಚಪ್ಪಲಿಯಲ್ಲಿ ಮಾತ್ರ ಬಿರುಸಿನ ನಡಿಗೆ ಬೇಡ. ಬೆರಳಿಗೂ ಹಿಮ್ಮಡಿಗೂ ಹಿಡಿತವಿರುವ ಶೂ ಇರಲಿ.

ಊಟ ಬೇಗ, ನಡಿಗೆ ಜೊತೆಗೆ

ಒಂಬತ್ತೂವರೆಗೆ ಊಟ ಮಾಡಿ ಹತ್ತೂವರೆಗೆ ಮಲಗುವ ಮನೆಗಳಲ್ಲಿ ಊಟವನ್ನು ಎಂಟಕ್ಕೆ ತನ್ನಿ. ಊಟವಾದ ಮೇಲೆ ಹತ್ತು–ಹದಿನೈದು ನಿಮಿಷ ಎಲ್ಲರೂ ಒಟ್ಟಿಗೆ ಬೀದಿಯ ತುದಿವರೆಗೆ ನಡೆದು ಬನ್ನಿ. ನಡೆಯುವಾಗ ತೊಡೆ, ಮೀನಖಂಡದ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ನೇರವಾಗಿ ಬಳಸಿಕೊಳ್ಳುತ್ತವೆ. ಅನ್ನ, ಮುದ್ದೆ ಉಂಡ ಮೇಲೆ ಏರುವ ಸಕ್ಕರೆ ತಗ್ಗುತ್ತದೆ. ಇಲ್ಲಿ ವೇಗದ ಹಂಗಿಲ್ಲ. ಅಜ್ಜ ನಡೆಯುವ ಗತಿಯೇ ಎಲ್ಲರ ಗತಿ. ಫೋನುಗಳು ಮನೆಯಲ್ಲೇ ಇರಲಿ, ಟಾರ್ಚ್ ಮಾತ್ರ ಕೈಯಲ್ಲಿರಲಿ. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ವಾಹನಗಳು ಎದುರಿಗೆ ಬರುವ ಬದಿಯಲ್ಲಿ, ತಿಳಿಬಣ್ಣದ ಬಟ್ಟೆ ತೊಟ್ಟು ನಡೆಯಿರಿ.

ಮಕ್ಕಳಿಗೆ ವ್ಯಾಯಾಮ ಬೇಡ, ಆಟ ಬೇಕು

ಮಗುವಿಗೆ ‘ಎಕ್ಸರ್‌ಸೈಜ್ ಮಾಡು’ ಎಂದರೆ ಅದೂ ಒಂದು ಹೋಮ್‌ವರ್ಕ್ ಆಗಿಬಿಡುತ್ತದೆ. ಸೀಮೆಸುಣ್ಣದಿಂದ ತಾರಸಿಯ ಮೇಲೆ ಕುಂಟೆಬಿಲ್ಲೆಯ ಮನೆಗಳನ್ನು ಬರೆದುಕೊಡಿ. ಬೆಳೆಯುವ ಮಕ್ಕಳ ಮೂಳೆ ಗಟ್ಟಿಯಾಗಲು ನೆಲಕ್ಕೆ ಕಾಲು ಅಪ್ಪಳಿಸುವ ಚಟುವಟಿಕೆ ವಾರಕ್ಕೆ ಮೂರು ದಿನವಾದರೂ ಬೇಕೆಂದು ತಜ್ಞರು ಹೇಳುತ್ತಾರೆ. ಒಂಟಿಕಾಲಲ್ಲಿ ಕುಂಟುವುದು, ಹಗ್ಗ ಜಿಗಿಯುವುದು ಅದನ್ನೇ ಮಾಡುತ್ತವೆ. ಲಗೋರಿಯಂತೂ ಮನೆಮಂದಿಗೆಲ್ಲ ಹೇಳಿ ಮಾಡಿಸಿದ ಆಟ. ಏಳು ಚಪ್ಪಟೆ ಕಲ್ಲು, ಒಂದು ಟೆನಿಸ್ ಚೆಂಡು, ಎರಡು ತಂಡ. ಚೆಂಡೆಸೆದು ಕಲ್ಲು ಉರುಳಿಸಿದ ತಂಡ ಮತ್ತೆ ಅವನ್ನು ಪೇರಿಸುವಷ್ಟರಲ್ಲಿ ಎದುರಾಳಿಗಳು ಚೆಂಡಿನಿಂದ ಹೊಡೆದು ಔಟ್ ಮಾಡಬೇಕು. ಓಡುವುದು, ಬಗ್ಗುವುದು, ತಪ್ಪಿಸಿಕೊಳ್ಳುವುದು ಎಲ್ಲವೂ ಇದರಲ್ಲಿದೆ. ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಾದರೆ ಕಲ್ಲಿನ ಬದಲು ಮರದ ತುಂಡು, ಮೆತ್ತನೆಯ ಚೆಂಡು ಸಾಕು.

ಹತ್ತನೇ ತರಗತಿ ಬಂತೆಂದು ಆಟಕ್ಕೆ ಕತ್ತರಿ ಹಾಕುವುದು ತಪ್ಪು. ಓದುವ ಮಕ್ಕಳು ಒಂದೇ ಏಟಿಗೆ ಒಂದು ಗಂಟೆ ಕೊಡಲಾಗದಿದ್ದರೆ ಇಪ್ಪತ್ತು ನಿಮಿಷದಂತೆ ಮೂರು ಸಲ ಎದ್ದು ಆಡಲಿ. ಹೆಣ್ಣುಮಕ್ಕಳು ದೊಡ್ಡವರಾದ ಮೇಲೆ ಅಂಗಳದ ಆಟ ನಿಲ್ಲಿಸುವ ಮನೆಗಳು ಇನ್ನೂ ಇವೆ. ಅವರಿಗೆ ಕಬಡ್ಡಿ, ಖೋ ಖೋ, ಷಟಲ್ ಯಾವುದನ್ನೂ ತಪ್ಪಿಸಬೇಡಿ.

ಹಿರಿಯರಿಗೆ ಒಂದು ಕುರ್ಚಿ ಸಾಕು

ಕೈಯಿರುವ, ಅಲುಗಾಡದ ಕುರ್ಚಿಯನ್ನು ಗೋಡೆಗೆ ತಾಗಿಸಿಡಿ. ಹಿರಿಯರನ್ನು ಅದರ ಅಂಚಿಗೆ ಕೂರಿಸಿ. ಪಾದಗಳು ನೆಲಕ್ಕೆ ಪೂರ್ತಿ ಊರಿರಲಿ. ಸ್ವಲ್ಪ ಮುಂದೆ ಬಾಗಿ ನಿಧಾನವಾಗಿ ಎದ್ದು ನಿಲ್ಲಲಿ, ಧಪ್ಪೆಂದು ಬೀಳದೆ ಅಷ್ಟೇ ನಿಧಾನವಾಗಿ ಕೂರಲಿ. ಮೊದಮೊದಲು ಕುರ್ಚಿಯ ಕೈ ಹಿಡಿದು ಐದು ಸಲ. ಅಭ್ಯಾಸವಾದ ಮೇಲೆ ಹತ್ತು. ಆಮೇಲೆ ಅಡುಗೆ ಕಟ್ಟೆ ಹಿಡಿದು ಒಂದೊಂದೇ ಕಾಲಿನ ಮೇಲೆ ಹತ್ತು ಎಣಿಸುವವರೆಗೆ ನಿಲ್ಲುವುದು. ಯಾರಾದರೂ ಪಕ್ಕದಲ್ಲಿರಬೇಕು. ಮಂಡಿನೋವಿದೆ ಎಂದು ಕೂತೇ ಇದ್ದರೆ ತೊಡೆಯ ಸ್ನಾಯು ಸೊರಗುತ್ತದೆ, ಮಂಡಿಯ ಮೇಲಿನ ಭಾರ ಹೆಚ್ಚುತ್ತದೆ. ಈ ವ್ಯಾಯಾಮವನ್ನು ಮೊಮ್ಮಕ್ಕಳ ಉಸ್ತುವಾರಿಗೆ ಬಿಡಿ. ಎಣಿಸುವ ಕೆಲಸ ಅವರಿಗೆ ಇಷ್ಟ.

ಭಾನುವಾರ ಹೊರಗೆ

ವಾರಕ್ಕೊಮ್ಮೆ ಮಾಲ್ ಬಿಟ್ಟು ಬಯಲಿಗೆ ಹೋಗಿ. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕ್, ಲಾಲ್‌ಬಾಗ್ ಇವೆ. ಹುಬ್ಬಳ್ಳಿಯವರಿಗೆ ಉಣಕಲ್ ಕೆರೆ, ಧಾರವಾಡದವರಿಗೆ ಸಾಧನಕೇರಿ. ಮೈಸೂರಿನವರು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ತಿಂಗಳಿಗೊಮ್ಮೆ ಹತ್ತಬಹುದು. ಏಳುನೂರನೇ ಮೆಟ್ಟಿಲ ಹತ್ತಿರ ನಂದಿಯ ಬಳಿ ಕೂತು ನೀರು ಕುಡಿದು ಮುಂದುವರಿಯಿರಿ. ಮಂಡಿಗೆ ಹತ್ತುವುದಕ್ಕಿಂತ ಇಳಿಯುವಾಗಲೇ ಪೆಟ್ಟು ಹೆಚ್ಚು. ಹಾಗಾಗಿ ನಡುವಯಸ್ಸಿನವರು ಹತ್ತಿಹೋಗಿ ಬಸ್ಸಿನಲ್ಲಿ ಇಳಿಯಬಹುದು, ಹಿರಿಯರು ಬಸ್ಸಿನಲ್ಲೇ ಬಂದು ಮೇಲೆ ಜೊತೆಗೂಡಬಹುದು. ಸಣ್ಣ ಊರುಗಳಲ್ಲಿ ಕಾಲೇಜು ಮೈದಾನ, ಕೆರೆ ಏರಿ, ದೇವಸ್ಥಾನದ ಪ್ರಾಂಗಣ ಇದ್ದೇ ಇವೆ. ಮಳೆಗಾಲದಲ್ಲಿ ಪಡಸಾಲೆಯಲ್ಲಿ ಚಾಪೆ ಹಾಸಿ ಸೂರ್ಯನಮಸ್ಕಾರ ಮಾಡಿ.

ಎಚ್ಚರ ಎಲ್ಲಿ ಬೇಕು?

ಎದೆಯಲ್ಲಿ ಬಿಗಿತ, ತಲೆಸುತ್ತು, ಎಂದಿಲ್ಲದ ಏದುಸಿರು ಕಂಡರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಹೃದ್ರೋಗ ಇರುವವರು, ಬಹಳ ವರ್ಷ ಕೂತೇ ಇದ್ದವರು ಬಿರುಸಿನ ವ್ಯಾಯಾಮಕ್ಕೆ ಮುಂಚೆ ವೈದ್ಯರನ್ನು ಕೇಳಲಿ. ಇನ್ಸುಲಿನ್ ತೆಗೆದುಕೊಳ್ಳುವವರ ಜೇಬಿನಲ್ಲಿ ಸಕ್ಕರೆಯೋ ಗ್ಲೂಕೋಸೋ ಇರಲಿ. ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ನಡೆಯಬಾರದು, ಪಾದಗಳನ್ನು ದಿನವೂ ನೋಡಿಕೊಳ್ಳಬೇಕು.

ಟ್ರೆಡ್‌ಮಿಲ್ ಕೊಳ್ಳುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ಇದನ್ನು ಓದುತ್ತಿರುವವರು ಮನೆಯ ಗಂಡಸರಾಗಿದ್ದರೆ, ನಾಳೆ ಬೆಳಗಿನ ತಿಂಡಿ ನನ್ನ ಹೊಣೆ ಎಂದು ಇವತ್ತು ರಾತ್ರಿಯೇ ಹೇಳಿಬಿಡಿ.