ಗಡಿಯನ್ನು ದಾಟುವ ಓಟ, ಮಿತಿಯನ್ನು ಅರಿಯುವ ಪಾಠ

ಅಮೆರಿಕ ಸಂಯುಕ್ತ ಸಂಸ್ಥಾನದ ಡೆಟ್ರಾಯಿಟ್ ನಗರಕ್ಕೂ ಕೆನಡಾದ ವಿಂಡ್ಸರ್ ನಗರಕ್ಕೂ ನಡುವೆ ಹರಿಯುವ ಡೆಟ್ರಾಯಿಟ್ ನದಿಯೇ ಅಲ್ಲಿ ಎರಡು ರಾಷ್ಟ್ರಗಳ ಗಡಿ. ಪ್ರತಿವರ್ಷ ಅಕ್ಟೋಬರ್ ತಿಂಗಳ ಒಂದು ಭಾನುವಾರ ಮುಂಜಾನೆ ಸಾವಿರಾರು ಮಂದಿ ಈ ಗಡಿಯನ್ನು ಓಡುತ್ತಲೇ ದಾಟಿ, ಓಡುತ್ತಲೇ ಹಿಂದಿರುಗುತ್ತಾರೆ. ಡೆಟ್ರಾಯಿಟ್ ಫ್ರೀ ಪ್ರೆಸ್ ಪತ್ರಿಕೆಯ ಹೆಸರಿನಲ್ಲಿ ನಡೆಯುವ ಈ ಮ್ಯಾರಥಾನಿನ ಪೂರ್ಣ ದೂರ 42.195 ಕಿಲೋಮೀಟರು.

ಹೋಗುವ ಹಾದಿ 1929ರಲ್ಲಿ ತೆರೆದ ಅಂಬಾಸಡರ್ ಸೇತುವೆ; ಮರಳುವ ಹಾದಿ 1930ರಲ್ಲಿ ತೆರೆದ ನದಿಯಡಿಯ ಸುರಂಗ. ಸೇತುವೆ ನೀರಿನಿಂದ ಸುಮಾರು 150 ಅಡಿ ಎತ್ತರದಲ್ಲಿದ್ದರೆ, ಸುರಂಗದ ರಸ್ತೆ ನೀರಿನ ಮೇಲ್ಮೈಗಿಂತ ಸುಮಾರು 75 ಅಡಿ ಕೆಳಗಿದೆ. ಸ್ಪರ್ಧಿಗಳ ಪಾಸ್‌ಪೋರ್ಟನ್ನು ಮುಂಚಿತವಾಗಿಯೇ ಪರಿಶೀಲಿಸಲಾಗುತ್ತದೆ. ಗಡಿಯಲ್ಲಿ ಅಧಿಕಾರಿಗಳಿಗೆ ಎದೆಯ ಮೇಲಿನ ಸಂಖ್ಯೆಯ ಚೀಟಿ ಕಾಣುವಂತಿರಬೇಕು.

ಅಧಿಕಾರಿಗಳು ಓಟಗಾರನ ಗುರುತನ್ನು ಪರಿಶೀಲಿಸಬಲ್ಲರು. ಅವನ ಹೃದಯದ ಸ್ಥಿತಿಯನ್ನಲ್ಲ. 2009ರ ಅಕ್ಟೋಬರ್ 18ರಂದು ಇದೇ ಸ್ಪರ್ಧೆಯಲ್ಲಿ ಕೆಲವೇ ನಿಮಿಷಗಳ ಅಂತರದಲ್ಲಿ ಮೂವರು ಓಟಗಾರರು ಕುಸಿದು ಮೃತರಾದರು. ಅವರ ವಯಸ್ಸು 26, 36 ಮತ್ತು 65.

ಹಾಗೆಂದು ಓಟವೇ ಅಪಾಯಕರವೆಂದು ಭಾವಿಸಬೇಕಾಗಿಲ್ಲ. 2000ರಿಂದ 2010ರವರೆಗೆ ಅಮೆರಿಕದಲ್ಲಿ ಪೂರ್ಣ ಹಾಗೂ ಅರ್ಧ ಮ್ಯಾರಥಾನ್ ಓಡಿದ ಸುಮಾರು 1 ಕೋಟಿ 9 ಲಕ್ಷ ಮಂದಿಯ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಅವರಲ್ಲಿ ಹೃದಯಸ್ತಂಭನವಾದವರು 59 ಮಂದಿ, ಅಸುನೀಗಿದವರು 42. ಹೃದಯದ ಸ್ನಾಯು ಅತಿಯಾಗಿ ದಪ್ಪಗಾಗುವ ರೋಗ ಮತ್ತು ಹೃದಯದ ರಕ್ತನಾಳಗಳು ಕಿರಿದಾಗುವ ರೋಗ ಇವು ಪ್ರಮುಖ ಕಾರಣಗಳು. ಸಮೀಪದಲ್ಲಿದ್ದವರು ತಕ್ಷಣ ಎದೆಯನ್ನೊತ್ತಿ ಉಪಚರಿಸಿದ್ದು ಬದುಕುಳಿಯಲು ಬಹುವಾಗಿ ನೆರವಾಯಿತೆಂಬುದು ಗಮನಾರ್ಹ.

ಮುಂಬಯಿಯಲ್ಲಿ 2004ರಿಂದ ಮ್ಯಾರಥಾನ್ ನಡೆಯುತ್ತಿದೆ. ನಮ್ಮವರೂ ಉತ್ಸಾಹದಿಂದ ಓಡುತ್ತಾರೆ. ದಿನವೆಲ್ಲ ಕುರ್ಚಿಯಲ್ಲಿ ಕುಳಿತು ದುಡಿಯುವ ನಾವು ಗಮನಿಸಬೇಕಾದ ಅಂಶಗಳು ಇವು:

1. ನಲವತ್ತು ದಾಟಿದವರು ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷಿಸಿಕೊಳ್ಳಬೇಕು. ಮನೆತನದಲ್ಲಿ ಎಳೆಯ ವಯಸ್ಸಿನ ಹಠಾತ್ ಮರಣವಿದ್ದರೆ ಹೃದ್ರೋಗ ತಜ್ಞರನ್ನು ಕಾಣುವುದು ಅವಶ್ಯ.

2. ಹಲವು ತಿಂಗಳುಗಳ ಕಾಲ ಓಟದ ದೂರವನ್ನು ಕ್ರಮವಾಗಿ ಹೆಚ್ಚಿಸಬೇಕು. ಠೇವಣಿ ಇಡದ ಖಾತೆಯಿಂದ ಹಣ ತೆಗೆಯಲಾಗದು.

3. ಬಾಯಾರಿಕೆಗೆ ತಕ್ಕಷ್ಟೇ ನೀರು ಕುಡಿಯಬೇಕು. ಅತಿಯಾದ ನೀರಿನಿಂದ ರಕ್ತದ ಸೋಡಿಯಂ ಅಪಾಯಕರವಾಗಿ ಇಳಿಯುವುದುಂಟು.

4. ಎದೆಯಲ್ಲಿ ಒತ್ತಡ, ತಲೆಸುತ್ತು, ಅಸಹಜ ಏದುಸಿರು ಕಂಡೊಡನೆ ಓಟವನ್ನು ನಿಲ್ಲಿಸಿ ವೈದ್ಯರ ನೆರವು ಪಡೆಯಬೇಕು.

5. ಕುಸಿದವನಿಗೆ ಪ್ರಜ್ಞೆ ಇಲ್ಲದೆ, ಸಹಜ ಉಸಿರಾಟವೂ ಇಲ್ಲದಿದ್ದರೆ, 112ಕ್ಕೆ ಕರೆ ಮಾಡಿಸಿ, ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತಬೇಕು. ಈ ವಿಧಾನವನ್ನು ಪ್ರತಿ ಮನೆಯಲ್ಲೂ ಒಬ್ಬರಾದರೂ ಕಲಿತಿರಬೇಕು.

ಗುರಿ ಮುಟ್ಟದೆ ಹಿಂದಿರುಗಿದವನು ಮುಂದಿನ ವರ್ಷ ಮತ್ತೆ ಓಡಬಹುದು. ಪದಕಕ್ಕಿಂತಲೂ ಮನೆಯವರಿಗೆ ಬೇಕಾದದ್ದು ಅವನ ಕ್ಷೇಮ.