ಐದು ಬೆಕ್ಕು, ಎರಡು ಚೀಲ



ನಮ್ಮ ವಾಚನಾಲಯದ ಹಳೆಯ ಮಾಸಪತ್ರಿಕೆಗಳ ಕಟ್ಟುಗಳನ್ನು ಇಲಿಗಳು ಕಡಿಯತೊಡಗಿದಾಗ ನಾವು ಒಂದು ಬೆಕ್ಕನ್ನು ಸಾಕಿದೆವು. ಒಂದಿದ್ದದ್ದು ಈಗ ಐದಾಗಿದೆ. ಸಂತಾನಹರಣ ಶಸ್ತ್ರಕ್ರಿಯೆ ಆದ ದಪ್ಪ ಗಂಡುಬೆಕ್ಕು ಕರಿಯ, ಮೊಲೆಯೂಡುತ್ತಿರುವ ಗೌರಿ, ಅದರ ಎರಡು ಮರಿಗಳು, ಹಲ್ಲು ಸವೆದ ಮುದಿ ಬೆಕ್ಕು ಅಜ್ಜಿ. ಚಿಕಲಠಾಣಾದ ಖೋಲಿಗಳಲ್ಲಿ ಎರಡು ಮೂರು ಬೆಕ್ಕು ಸಾಕಿಕೊಂಡಿರುವ ಸದಸ್ಯರೂ ನಮ್ಮಲ್ಲಿದ್ದಾರೆ. ಅವರಿಗೂ ನಮಗೂ ಇರುವ ಪ್ರಶ್ನೆ ಒಂದೇ: ಬೇರೆ ಬೇರೆ ಅಗತ್ಯವುಳ್ಳ ಇಷ್ಟು ಬೆಕ್ಕುಗಳಿಗೆ ಪಗಾರದೊಳಗೇ ಯಾವ ಆಹಾರವನ್ನು ಆರಿಸಬೇಕು?

ಈ ಪಾಠವನ್ನು ನಾವು ಒಂದು ತಪ್ಪಿನಿಂದ ಕಲಿತೆವು. ಕಳೆದ ಬೇಸಿಗೆಯ ಒಂದು ಭಾನುವಾರ ಕರಿಯ ಮತ್ತೆ ಮತ್ತೆ ಮೂಲೆಗೆ ಹೋಗಿ ಮುಕ್ಕುತ್ತ ಕೂಗುತ್ತಿತ್ತು. ಮಲಬದ್ಧತೆ ಇರಬೇಕೆಂದು ನಾವು ತುಪ್ಪ ನೆಕ್ಕಿಸಿ ಸುಮ್ಮನಾದೆವು. ಸಂಜೆ ಪಶುವೈದ್ಯರು ನೋಡಿದಾಗ ಮೂತ್ರದ ದಾರಿ ಕಟ್ಟಿಕೊಂಡಿತ್ತು. ಗಂಡುಬೆಕ್ಕಿಗೆ ಮೂತ್ರ ಕಟ್ಟಿದರೆ ಒಂದೆರಡು ದಿನಗಳಲ್ಲಿ ಪ್ರಾಣವೇ ಹೋಗಬಹುದು. ನಳಿಕೆ ಹಾಕಿ ವೈದ್ಯರು ಅದನ್ನು ಉಳಿಸಿದರು. ಮೂತ್ರದಲ್ಲಿ ಹರಳಿನ ಕಣಗಳಿವೆ, ಇನ್ನು ಮೇಲೆ ಇದಕ್ಕೆ ಬೇರೆ ಆಹಾರ ಬೇಕು, ನೀರು ಹೆಚ್ಚು ಹೋಗಬೇಕು ಎಂದರು. ಅಲ್ಲಿಯವರೆಗೆ ಐದಕ್ಕೂ ಒಂದೇ ತಟ್ಟೆಯಿತ್ತು.

ಮೊದಲು ಬೆಕ್ಕು ಎಂಥ ಪ್ರಾಣಿ ಎಂಬುದನ್ನು ತಿಳಿಯೋಣ. ಊರಲ್ಲಿ ನಮ್ಮ ತಾಯಂದಿರು ಜೋಳದ ರೊಟ್ಟಿಯನ್ನು ಹಾಲಲ್ಲಿ ಮುರಿದು ಬೆಕ್ಕಿಗೆ ಹಾಕುತ್ತಿದ್ದರು, ಅದು ಚೆನ್ನಾಗಿಯೇ ಇರುತ್ತಿತ್ತು ಎಂದು ಹಲವರು ಹೇಳುತ್ತಾರೆ. ನಿಜ. ಆದರೆ ಆ ಬೆಕ್ಕು ಹೊಲದ ಇಲಿ, ಹಗೇವಿನ ಇಲಿಗಳನ್ನು ಹಿಡಿದು ತಿಂದು ಕೊರತೆಯನ್ನು ತುಂಬಿಕೊಳ್ಳುತ್ತಿತ್ತು. ಖೋಲಿಯೊಳಗೆ ಬೀಗ ಹಾಕಿಕೊಂಡು ನಾವು ಪಾಳಿಗೆ ಹೋದಾಗ ಒಳಗುಳಿದ ಬೆಕ್ಕಿಗೆ ಆ ದಾರಿಯಿಲ್ಲ.

ನಾಯಿಗೆ ಅನ್ನವೂ ಸಾಗುತ್ತದೆ. ಬೆಕ್ಕು ಮಾಂಸವಿಲ್ಲದೆ ಬದುಕಲಾರದು. ಗಜ್ಜರಿಯಲ್ಲಿರುವ ಬಣ್ಣದ ಸತ್ವದಿಂದ ನಮ್ಮ ದೇಹ 'ಎ' ಜೀವಸತ್ವವನ್ನು ಮಾಡಿಕೊಳ್ಳುತ್ತದೆ, ಬೆಕ್ಕಿನ ದೇಹಕ್ಕೆ ಅದು ಆಗದು. ಟಾರಿನ್ ಎಂಬ ಸತ್ವವನ್ನೂ ಅದು ಸಾಕಷ್ಟು ತಯಾರಿಸಿಕೊಳ್ಳಲಾರದು. ಟಾರಿನ್ ಕಡಿಮೆಯಾದರೆ ಕಣ್ಣು ಕುರುಡಾಗುತ್ತದೆ, ಹೃದಯದ ಸ್ನಾಯು ಸಡಿಲಾಗುತ್ತದೆ. ಈ ಹೃದ್ರೋಗದ ಕಾರಣವನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್ ಶಾಖೆಯಲ್ಲಿ ಪಾಲ್ ಪಿಯಾನ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದರು. ಅಂಗಡಿಯ ಡಬ್ಬಿಯ ಆಹಾರವನ್ನೇ ತಿಂದ ಬೆಕ್ಕುಗಳಲ್ಲೂ ಈ ಕೊರತೆ ಕಂಡಿತ್ತು. ಆ ಬಳಿಕ ತಯಾರಕರು ಟಾರಿನ್ ಹೆಚ್ಚಿಸಿದರು, ಆ ಬೇನೆ ಬಹಳ ಕಡಿಮೆಯಾಯಿತು. ನಾಯಿಯ ಆಹಾರ ಅಗ್ಗವೆಂದು ಬೆಕ್ಕಿಗೆ ಹಾಕಬಾರದು ಎಂಬುದಕ್ಕೂ ಇದೇ ಕಾರಣ.

ಇನ್ನು ಚೀಲದ ಮೇಲಿನ ಬರಹವನ್ನು ಓದುವ ಬಗೆ. ಮುಂಭಾಗದ ಚಿತ್ರವನ್ನು ಬಿಟ್ಟು ಹಿಂಭಾಗವನ್ನು ಓದಿರಿ. 'ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್' ಎಂದಿದ್ದರೆ ಅದು ಪೂರ್ಣಾಹಾರ. 'ಕಾಂಪ್ಲಿಮೆಂಟರಿ' ಎಂದಿದ್ದರೆ ಬಾಯಿರುಚಿಗೆ ಮಾತ್ರ, ಅದರಿಂದ ಹೊಟ್ಟೆ ತುಂಬಿಸಬಾರದು. ಆಮೇಲೆ ಯಾವ ವಯಸ್ಸಿಗೆಂದು ನೋಡಿರಿ: ಮರಿಗೋ, ದೊಡ್ಡ ಬೆಕ್ಕಿಗೋ, ಎಲ್ಲ ವಯಸ್ಸಿಗೋ.

ಪ್ರೋಟೀನಿನ ಅಂಕಿಯಲ್ಲಿ ಒಂದು ಮೋಸವಿದೆ, ಲೆಕ್ಕ ಬರೆಯುವ ನಮಗೆ ಅದು ಬೇಗ ತಿಳಿಯಬೇಕು. ಒಣ ಆಹಾರದ ಚೀಲದ ಮೇಲೆ ಪ್ರೋಟೀನ್ 32, ತೇವ 10 ಎಂದಿದೆ. ಹಸಿ ಆಹಾರದ ಪೌಚಿನ ಮೇಲೆ ಪ್ರೋಟೀನ್ 9, ತೇವ 82 ಎಂದಿದೆ ಎಂದು ಹಿಡಿಯಿರಿ. ಯಾವುದು ಹೆಚ್ಚು? ನೀರನ್ನು ಕಳೆಯಿರಿ. ಮೊದಲನೆಯದರಲ್ಲಿ ಉಳಿದದ್ದು 90. 32ನ್ನು 90ರಿಂದ ಭಾಗಿಸಿದರೆ ನೂರಕ್ಕೆ ಸುಮಾರು 36. ಎರಡನೆಯದರಲ್ಲಿ ಉಳಿದದ್ದು 18. 9 ಅದರ ಅರ್ಧ, ಅಂದರೆ ನೂರಕ್ಕೆ 50. ಅಮೆರಿಕದ ಪಶು ಆಹಾರ ಅಧಿಕಾರಿಗಳ ಸಂಘದ ನಿಯಮದಂತೆ, ನೀರು ಕಳೆದ ಮೇಲೆ ದೊಡ್ಡ ಬೆಕ್ಕಿನ ಆಹಾರದಲ್ಲಿ ನೂರಕ್ಕೆ 26ಕ್ಕೆ ಕಡಿಮೆಯಿಲ್ಲದಂತೆ, ಮರಿ ಮತ್ತು ಬಾಣಂತಿ ಬೆಕ್ಕಿನದರಲ್ಲಿ 30ಕ್ಕೆ ಕಡಿಮೆಯಿಲ್ಲದಂತೆ ಪ್ರೋಟೀನ್ ಇರತಕ್ಕದ್ದು.

ಖರ್ಚನ್ನೂ ಹೀಗೆಯೇ ತೂಗಬೇಕು. ನಾಲ್ಕು ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 250 ಕ್ಯಾಲೊರಿ ಬೇಕು. ಒಣ ಆಹಾರದ 100 ಗ್ರಾಮಿನಲ್ಲಿ 370 ಕ್ಯಾಲೊರಿ, ಕಿಲೋಗೆ 400 ರೂಪಾಯಿ ಎಂದಿಟ್ಟುಕೊಳ್ಳಿರಿ. ದಿನಕ್ಕೆ ಸುಮಾರು 60 ಗ್ರಾಂ, 24 ರೂಪಾಯಿ. 85 ಗ್ರಾಮಿನ ಪೌಚಿನಲ್ಲಿ 70 ಕ್ಯಾಲೊರಿ, ಬೆಲೆ 40 ಎಂದರೆ ಮೂರಕ್ಕೂ ಹೆಚ್ಚು ಪೌಚು ಬೇಕು, 120 ರೂಪಾಯಿ ಮೀರುತ್ತದೆ. ಆದ್ದರಿಂದ ಹೆಚ್ಚಿನದು ಒಣದ್ದು, ಅದಕ್ಕೆ ನೀರು ಸೇರಿಸಿ ಕೊಡುವುದು ನಮ್ಮಂಥವರಿಗೆ ಒಪ್ಪುವ ದಾರಿ. ಬೆಕ್ಕಿನ ಪೂರ್ವಜರು ಒಣನಾಡಿನವರು. ಬಾಯಾರಿಕೆ ಅದಕ್ಕೆ ಕಡಿಮೆ. ಇಲ್ಲಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ತಟ್ಟೆಯಿಂದ ದೂರದಲ್ಲಿ, ಎರಡು ಮೂರು ಕಡೆ, ಅಗಲ ಬಾಯಿಯ ಪಾತ್ರೆಯಲ್ಲಿ ದಿನವೂ ಹೊಸ ನೀರಿಡಬೇಕು.

ಈಗ ನಮ್ಮ ಐದನ್ನು ವಿಂಗಡಿಸೋಣ. ಗೌರಿಗೂ ಮರಿಗಳಿಗೂ ಒಂದೇ ಆಹಾರ: ಮರಿಗಳ ಚೀಲ, ಇಲ್ಲವೆ ಎಲ್ಲ ವಯಸ್ಸಿಗೂ ಎಂದು ಬರೆದ ಚೀಲ. ಮರಿಗಳಿಗೆ ನೆನೆಸಿ ದಿನಕ್ಕೆ ನಾಲ್ಕು ಸಲ. ಗೌರಿಗೆ ಹಾಲೂಡುವ ತನಕ ಬೇಕಾದಷ್ಟು. ಅಜ್ಜಿಯ ರಕ್ತ ಪರೀಕ್ಷೆ ಮಾಡಿಸಿದೆವು, ಮೂತ್ರಪಿಂಡ ಸರಿಯಿದೆ, ಹಲ್ಲಿನ ತೊಂದರೆ ಮಾತ್ರ. ಆದಕಾರಣ ಅದೇ ಚೀಲದ್ದನ್ನು ಉಗುರುಬೆಚ್ಚಗಿನ ನೀರಲ್ಲಿ ಮೆತ್ತಗೆ ಮಾಡಿ ಕೊಡುತ್ತೇವೆ. ಮೂತ್ರಪಿಂಡ ಕೆಟ್ಟಿದ್ದರೆ ಅದಕ್ಕೂ ಬೇರೆ ಆಹಾರ ಬೇಕಾಗುತ್ತಿತ್ತು. ಕರಿಯನದು ಮಾತ್ರ ವೈದ್ಯರು ಹೇಳಿದ ಮೂತ್ರದ ಬೇನೆಯ ಚೀಲ, ಅಳತೆ ಮಾಡಿ, ನೀರಲ್ಲಿ ನೆನೆಸಿ. ಅದು ಬೆಳೆಯುವ ಮರಿಗೆ ಸಲ್ಲದು. ಮರಿಗಳ ಆಹಾರ ಕರಿಯನಿಗೆ ಸಲ್ಲದು. ಹೀಗೆ ಬೆಕ್ಕು ಐದಾದರೂ ಚೀಲ ಎರಡೇ.

ಆದರೆ ಚೀಲ ಆರಿಸಿದ್ದು ಅರ್ಧ ಕೆಲಸ. ಉಳಿದರ್ಧ ಬಾಗಿಲು ಮತ್ತು ಗಡಿಯಾರದ್ದು. ದಿನವಿಡೀ ತುಂಬಿದ ತಟ್ಟೆ ಇಡುವುದನ್ನು ನಿಲ್ಲಿಸಿದೆವು. ಬೆಳಿಗ್ಗೆ ಸಂಜೆ ಕರಿಯನಿಗೆ ಪತ್ರಿಕೆಗಳ ಕೋಣೆಯಲ್ಲಿ ಬಾಗಿಲು ಮುಚ್ಚಿ ಇಡುತ್ತೇವೆ. ಅರ್ಧ ಗಂಟೆಗೆ ತಟ್ಟೆ ತೆಗೆಯುತ್ತೇವೆ. ಮರಿಗಳಿಗೆ ಗಿರಣಿಯಿಂದ ತಂದ ರಟ್ಟಿನ ಪೆಟ್ಟಿಗೆ. ಅದರ ತೂತಿನಲ್ಲಿ ಮರಿ ಹೋಗುತ್ತದೆ, ಕರಿಯನ ತಲೆ ಹೋಗದು. ಒಂದೇ ಖೋಲಿಯಿದ್ದವರಿಗೆ ಈ ಪೆಟ್ಟಿಗೆಯೇ ಸಾಕು. ಹೊಸ ಆಹಾರವನ್ನು ಹಳೆಯದರಲ್ಲಿ ಬೆರೆಸುತ್ತ ಒಂದು ವಾರದಲ್ಲಿ ಬದಲಿಸಿರಿ. ಬೆಕ್ಕು, ಅದರಲ್ಲೂ ದಪ್ಪ ಬೆಕ್ಕು, ಎರಡು ದಿನ ಉಪವಾಸ ಬಿದ್ದರೆ ಯಕೃತ್ತು ಕೆಡಬಹುದು. 'ಹಸಿದರೆ ತಾನೇ ತಿನ್ನುತ್ತದೆ' ಎಂಬ ಹಟ ಬೇಡ.

ಕೋಳಿ ಬೇಯಿಸಿ ಹಾಕುವವರು ಗಮನಿಸಿರಿ: ಬರೀ ಮಾಂಸದಲ್ಲಿ ಸುಣ್ಣದ ಅಂಶ ಸಾಲದು, ಮರಿಗಳ ಎಲುಬು ಮೆತ್ತಗಾಗುತ್ತದೆ. ಪೂರ್ಣಾಹಾರದ ಜೊತೆ ಸ್ವಲ್ಪ ಕೊಡಬಹುದು. ಟಾರಿನ್ ಬೇಯಿಸಿದ ನೀರಿಗೆ ಇಳಿಯುವುದರಿಂದ ಉಪ್ಪುಖಾರವಿಲ್ಲದ ಆ ನೀರನ್ನು ಚೆಲ್ಲಬೇಡಿರಿ. ಬೆಂದ ಎಲುಬು ಬೇಡ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಿದ್ದ ಸಾರು ಬೆಕ್ಕಿನ ರಕ್ತವನ್ನು ಕೆಡಿಸುತ್ತದೆ. ಹಾಲು ದೊಡ್ಡ ಬೆಕ್ಕುಗಳಲ್ಲಿ ಅನೇಕಕ್ಕೆ ಜೀರ್ಣವಾಗದೆ ಭೇದಿಯಾಗುತ್ತದೆ.

ಕಡೆಗೆ ಒಂದು ವಿನಂತಿ. ಕರಿಯ ಮೂರು ಪಾಳಿಗೂ ಹಾಜರಿ ಹಾಕುತ್ತದೆ. ಪ್ರತಿ ಪಾಳಿಯವರೂ ಅದು ಹಸಿದಿದೆ ಎಂದೇ ತಿಳಿದು ಡಬ್ಬಿ ಬಿಚ್ಚುತ್ತಾರೆ. ನೀವು ಪ್ರೀತಿಯಿಂದ ಹಾಕುವ ತುತ್ತು ಅದಕ್ಕೆ ಮತ್ತೊಮ್ಮೆ ನಳಿಕೆ ಹಾಕಿಸಬಹುದು. ಬಾಗಿಲ ಹಿಂದೆ ಒಂದು ತಖ್ತೆ ತೂಗುಹಾಕಿದ್ದೇವೆ: ಯಾವ ಬೆಕ್ಕು, ಯಾವ ಚೀಲ, ಎಷ್ಟು ಗ್ರಾಂ, ಯಾವ ಹೊತ್ತು. ಆಹಾರ ಕೊಟ್ಟವರು ಸಹಿ ಹಾಕಿರಿ. ಸಹಿ ಬಿದ್ದಿದ್ದರೆ ಬರೀ ತಲೆ ಸವರಿರಿ. ಗಂಡುಬೆಕ್ಕು ಯಾವುದೇ ಮೂಲೆಯಲ್ಲಿ ಮುಕ್ಕುವುದನ್ನು ಕಂಡರೆ ತುಪ್ಪ ಹುಡುಕಬೇಡಿರಿ. ಆ ಕ್ಷಣವೇ ಪಶುವೈದ್ಯರಲ್ಲಿಗೆ ಒಯ್ಯಿರಿ.